ಚಂಪಿಯ ಮೈಯಿಂದ ಸೀಸ ತೆಗೆದದ್ದು

ದನ ಗೋಡೆಗೆ ತಲೆ ಒತ್ತಿಕೊಂಡು ನಿಂತಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮುಂದಿನ ಮಾತು ಕೇಳುವುದಿಲ್ಲ, ಚೀಲ ಎತ್ತಿಕೊಂಡು ಹೊರಡುತ್ತೇನೆ. ಜ್ವರ, ಕೆಮ್ಮು, ಕಾಲು ಕುಂಟುವುದು ಇವೆಲ್ಲ ಒಂದಿಷ್ಟು ಹೊತ್ತು ಕಾಯುತ್ತವೆ. ತಲೆ ಒತ್ತಿ ನಿಂತ ದನದ ಮಿದುಳಿಗೆ ಏನೋ ಆಗಿರುತ್ತದೆ, ಅದು ಕಾಯುವುದಿಲ್ಲ. ಆ ದಿನ ಗೋಕಾಕದಿಂದ ತುಕ್ಕಾನಟ್ಟಿಗೆ ಹೋಗುವ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು, ಜೊತೆಗೆ ಕಿವಿ ಕಿತ್ತುಹೋಗುವಂಥ ಹಾಡು. ನನ್ನ ಪಕ್ಕದಲ್ಲಿ ಕೂತಿದ್ದ ಕಂಪೌಂಡರ್ ನಿವೃತ್ತಿಗೆ ಬಂದ ಮನುಷ್ಯ. ನಾನು ಹಾರನ್ ಒತ್ತಿದಾಗಲೆಲ್ಲ "ಸಾವಕಾಶ ಮೇಡಮ್‌ರ, ನಾವು ಮುಟ್ಟಿದರ ಅಲ್ಲೇನ್ರಿ ದನ ಉಳಿಯೂದು" ಎನ್ನುತ್ತಿದ್ದರು. ನನ್ನ ಸಿಟ್ಟಿಗೆ ಅವರೇ ಬ್ರೇಕು.

ತೋಟದ ಮನೆ ಜೈನ ಕುಟುಂಬದ್ದು. ಮನೆಯೊಡತಿಯನ್ನು ಊರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆದೆ. ಎಮ್ಮೆಗೆ ಬೈಯುವಾಗ ಮರಾಠಿ, ಮುದ್ದು ಮಾಡುವಾಗ ಕನ್ನಡ. ಮಾತು ನಿಂತದ್ದನ್ನು ನಾನು ಕಂಡಿಲ್ಲ. ಅವರ ಗಂಡ ಕಾಕಾ ಇದಕ್ಕೆ ತದ್ವಿರುದ್ಧ. ಮನೆಯ ಮಾತಿನ ಪಾಲೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು ಸುಖವಾಗಿದ್ದವರು.

"ನೋಡ್ರಿ ಬಾಯಾರ, ನಿನ್ನಿಯಿಂದ ಗ್ವಾಡಿಗೆ ಹಣಿ ಹಚ್ಚಿ ನಿಂತಾಳ. ಕರದರ ಹೊಳ್ಳಿ ನೋಡವಲ್ಲಳು. ನನ್ನ ಮ್ಯಾಲೆ ಸಿಟ್ಟಾಗಿದಾಳೇನೋ ಅಂತ ಮಾಡಿದ್ನಿ," ಎಂದರು ಕಾಕು.

ಸಿಟ್ಟಾದವಳು ಚಂಪಿ. ಪಂಢರಪುರಿ ಜಾತಿಯ ಮಣಕ, ಇನ್ನೂ ಗಬ್ಬ ನಿಲ್ಲದ ಹರೆಯದ ಎಮ್ಮೆ. ಕೋಡು ಆಗಲೇ ಹೆಗಲ ಕಡೆ ಚಾಚುತ್ತಿದ್ದವು. ಹುಟ್ಟಿದ ವಾರದಲ್ಲೇ ತಾಯಿ ಸತ್ತು, ಕಾಕು ಆಕಳ ಹಾಲು ಕುಡಿಸಿ ಸಾಕಿದ್ದರು. ಅವರ ಮಕ್ಕಳು ಮೊಮ್ಮಕ್ಕಳೆಲ್ಲ ಅದೇ ಮನೆಯಲ್ಲಿದ್ದರು. ಆದರೂ ಕಾಕುವಿನ ಊಟ ಶುರುವಾಗುತ್ತಿದ್ದುದು ಚಂಪಿಗೆ ಒಂದು ರೊಟ್ಟಿ ಹೋದ ಮೇಲೆ ಎಂದು ಸೊಸೆ ನಗುತ್ತ ಹೇಳಿದರು.

ಚಂಪಿಯ ಕಣ್ಣ ಮುಂದೆ ಕೈ ಬೀಸಿದೆ. ರೆಪ್ಪೆ ಬಡಿಯಲಿಲ್ಲ. ಬ್ಯಾಟರಿ ಬೆಳಕು ಬಿಟ್ಟೆ. ಪಾಪೆ ಸಣ್ಣದಾಯಿತು. ಅಂದರೆ ಕಣ್ಣು ಸರಿಯಿದೆ, ಕಂಡದ್ದು ಮಿದುಳಿಗೆ ತಲುಪುತ್ತಿಲ್ಲ. ಕಿವಿ, ರೆಪ್ಪೆ ಅದುರುತ್ತಿದ್ದವು. ಹಲ್ಲು ಕಡಿಯುವ ಸದ್ದು ಕೊಟ್ಟಿಗೆಯ ಬಾಗಿಲವರೆಗೂ ಕೇಳುತ್ತಿತ್ತು. ಜ್ವರವಿರಲಿಲ್ಲ. ಎಡ ಪಕ್ಕೆಗೆ ಕಿವಿಗೊಟ್ಟರೆ ಹೊಟ್ಟೆ ಗುಡುಗುವ ಶಬ್ದವೇ ಇಲ್ಲ.

ಇಂಥ ಕಡೆ ಮೊದಲು ತಲೆಗೆ ಬರಬೇಕಾದದ್ದು ಹುಚ್ಚುನಾಯಿ ರೋಗ. ನಾಯಿ ಕಚ್ಚಿದ್ದು ಯಾರೂ ನೋಡಿರಲಿಲ್ಲ, ಆದರೆ ಕಚ್ಚುವ ನಾಯಿ ಹೇಳಿ ಕಚ್ಚುವುದಿಲ್ಲ. ಗ್ಲೌಸ್ ಹಾಕಿಕೊಂಡೆ. ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ನಾನು ಹೇಳುವವರೆಗೆ ಇದರ ಬಾಯಿಗೆ ಯಾರೂ ಕೈ ಹಾಕಕೂಡದು ಎಂದು ಗದರಿಸಿದೆ. ನನ್ನ ಬಾಯಿ ಜೋರು ಎಂದು ಹುಕ್ಕೇರಿ ಕಡೆಯ ನನ್ನ ತವರಿನವರೇ ಹೇಳುತ್ತಾರೆ. ಕಾಕು ಸುಮ್ಮನೆ ತಲೆಯಾಡಿಸಿದರು. ಅವರು ಎದುರು ಮಾತಾಡಲಿಲ್ಲವಲ್ಲ ಎಂದು ನನಗೆ ಆಗಲೇ ಸಂಶಯ ಬರಬೇಕಿತ್ತು.

ಎರಡನೆಯ ಅನುಮಾನ ನಮ್ಮ ಸಕ್ಕರೆ ಸೀಮೆಯದೇ. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ದನಗಳಿಗೆ ಕಬ್ಬಿನ ಸೋಗೆ, ಮೇಲಿಷ್ಟು ಸಕ್ಕರೆ ಕಾರ್ಖಾನೆಯ ಕಾಕಂಬಿ. ಅದು ಅತಿಯಾದರೆ ಮೈಯಲ್ಲಿ ಬಿ-ಒನ್ ಜೀವಸತ್ವ ಬರಿದಾಗಿ ದನ ಹೀಗೇ ಕುರುಡಾಗುತ್ತದೆ. ಆಗ ಬಿ-ಒನ್ ಸೂಜಿ ಕೊಟ್ಟರೆ ಮರುದಿನಕ್ಕೆ ಗುಣ ಕಾಣುವುದುಂಟು. ಕೊಟ್ಟೆ. ಸಂಜೆಗೆ ಚಂಪಿ ಒಂದಿಷ್ಟು ಶಾಂತವಾದಳು. ಕಾಕು ನನಗೆ ಚಹಾದ ಜೊತೆ ಕರದಂಟು ಕೊಟ್ಟರು. ಮರುದಿನ ಬೆಳಿಗ್ಗೆ ಚಂಪಿ ನೆಲಕ್ಕೆ ಬಿದ್ದು ನಾಲ್ಕೂ ಕಾಲು ಸೆಟೆಸಿ ಒದ್ದಾಡಿದಳು.

ಫಿಟ್ಸ್ ನಿಲ್ಲಿಸುವ ಸೂಜಿ ಹಾಕಿ, ಕಾಲೇಜಿನಲ್ಲಿ ನನಗೆ ವಿಷಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಮೈಸೂರು ಕಡೆಯವರು, ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆಯನ್ನೇ ಕೊಡುವ ಜಾತಿ.

"ಹಲ್ಲು ಕಡೀತಿದೆ, ಕಣ್ಣು ಕಾಣ್ತಿಲ್ಲ, ಪಾಪೆ ಮಾತ್ರ ಸರಿಯಿದೆ. ಏನು ನೆಕ್ಕಿದೆಯಮ್ಮ ಅದು?" ಎಂದರು.

ಸೀಸ. ದನಗಳಿಗೆ ಸೀಸ ಸಿಹಿ. ಟ್ರ್ಯಾಕ್ಟರಿನ ಹಳೆ ಬ್ಯಾಟರಿ, ಹಳೆ ಬಣ್ಣದ ಡಬ್ಬಿ, ಇಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆ, ಇವೆಲ್ಲದರಲ್ಲೂ ಇರಬಹುದು. ರಕ್ತ ತೆಗೆದು ಬೆಳಗಾವಿಗೆ ಕಳಿಸಿ, ತೋಟವನ್ನೆಲ್ಲ ಜಾಲಾಡಿದೆ. ಟ್ರ್ಯಾಕ್ಟರ್ ಶೆಡ್ಡು, ಪಂಪಿನ ಮನೆ, ಗೊಬ್ಬರದ ತಿಪ್ಪೆ. ಬ್ಯಾಟರಿ ಹಳತಾದಾಗ ಅಂಗಡಿಗೇ ಕೊಟ್ಟು ಹೊಸದು ತಂದಿದ್ದರು. ಬಣ್ಣದ ಡಬ್ಬಿ ಒಂದೂ ಇರಲಿಲ್ಲ. ಕಾಕಾ ಇಷ್ಟೂ ಹೊತ್ತು ಕೈ ಹಿಂದೆ ಕಟ್ಟಿ ನನ್ನ ಬೆನ್ನ ಹಿಂದೆಯೇ ನಡೆದರು. ಕೊನೆಗೆ, "ಬಾವಿ ಒಂದ ಉಳದೈತ್ರಿ ಡಾಕ್ಟರ. ಇಳದ ನೋಡ್ತೀರೇನು?" ಎಂದರು. ಆ ದಿನ ಅವರಾಡಿದ್ದು ಅಷ್ಟೇ.

ಬೇವಿನ ಮರದ ಕೆಳಗೆ ಹೊಲ ಕಾಯುವ ಕ್ಷೇತ್ರಪಾಲನ ಕಲ್ಲಿತ್ತು. ಚಪ್ಪಲಿ ಕಳೆದು ಕೈಮುಗಿದು ಮುಂದೆ ಹೋದೆ. ಅನುಮಾನ ಹಿಡಿದು ಹುಡುಕುತ್ತಿದ್ದ ಕಣ್ಣು ದೇವರ ಮೇಲೆ ನಿಲ್ಲಲಿಲ್ಲ.

ಸೀಸ ತೆಗೆಯುವ ಔಷಧಿ ಇದೆ. ಕ್ಯಾಲ್ಸಿಯಂ ಸೇರಿದ ಇಡಿಟಿಎ. ರಕ್ತಕ್ಕೆ ಹೋದರೆ ತನ್ನ ಕೈಲಿದ್ದ ಕ್ಯಾಲ್ಸಿಯಂ ಕೆಳಗಿಟ್ಟು ಸೀಸವನ್ನು ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡೇ ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ. ಆದರೆ ಅದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ರೋಗ ಸೀಸದ್ದಲ್ಲದಿದ್ದರೆ ಸುಮ್ಮನೆ ಇನ್ನೊಂದು ರೋಗ ಕೊಟ್ಟಂತೆ. ವರದಿ ಬರುವವರೆಗೆ ಕಾಯುವುದು ಪುಸ್ತಕದ ದಾರಿ. ಅಷ್ಟರಲ್ಲಿ ಚಂಪಿಗೆ ಇನ್ನೊಂದು ಸಲ ಫಿಟ್ಸ್ ಬಂತು. ನಾನು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಕಾಯುವುದಿಲ್ಲ ಎಂದು ತೀರ್ಮಾನಿಸಿದೆ. ತಪ್ಪಾದರೆ ತಪ್ಪು ನನ್ನದು ಎಂದು ಕಾಕುವಿಗೂ ಹೇಳಿದೆ.

"ತಪ್ಪ ಆದ್ರ ಇಬ್ರೂ ಕೂಡಿ ಅಳೂನು ಬಿಡ್ರಿ. ಮೊದಲ ಔಷಧ ತರ್ರಿ," ಎಂದರು ಅವರು.

ತರುವುದು ಹೇಳಿದಷ್ಟು ಸುಲಭವಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಔಷಧಿ ಅಂಗಡಿಗಳಿಗೆ ಕೇಳಿದೆ. ಒಬ್ಬರು ಉತ್ಸಾಹದಿಂದ "ಐತ್ರಿ ಮೇಡಮ್" ಎಂದು ಫೋಟೋ ಕಳಿಸಿದರು. ನೋಡಿದರೆ ಅದು ಬರೀ ಸೋಡಿಯಂ ಇಡಿಟಿಎ, ಕ್ಯಾಲ್ಸಿಯಂ ಸೇರದ್ದು. ಅದನ್ನು ಕೊಟ್ಟರೆ ಅದು ರಕ್ತದಲ್ಲಿರುವ ಕ್ಯಾಲ್ಸಿಯಂಗೇ ಕೈ ಹಾಕುತ್ತದೆ, ಹೃದಯ ನಿಲ್ಲುತ್ತದೆ. ಎರಡೂ ಒಂದೇ ಅಲ್ಲವೇ ಎಂದು ಅವರು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಕೊಲ್ಹಾಪುರದ ವ್ಯಾಪಾರಿಯೊಬ್ಬರು ಸರಿಯಾದ ಔಷಧಿಯನ್ನು ಬೆಳಗಾವಿ ಬಸ್ಸಿಗೆ ಹಾಕಿದರು. ಮನುಷ್ಯರಿಗೆಂದು ಮಾಡಿದ ಪುಟ್ಟ ಪುಟ್ಟ ಆಂಪ್ಯೂಲುಗಳು. ನಾನೂ ಕಂಪೌಂಡರೂ ಹೆದ್ದಾರಿಗೆ ಹೋಗಿ ಹತ್ತರಗಿಯಲ್ಲಿ ಬಸ್ಸಿಗೆ ಕಾದು ನಿಂತೆವು. ಪೊಟ್ಟಣ ಕೈಗೆ ಬಂದ ಕೂಡಲೇ ಕನ್ನಡಕ ಒರೆಸಿಕೊಂಡು ಪ್ರತಿಯೊಂದರ ಮೇಲೂ ಕ್ಯಾಲ್ಸಿಯಂ ಎಂಬ ಪದ ಹುಡುಕಿದೆ. ಇತ್ತು. ಘೋಡಗೇರಿ ದಾಟಿ ವಾಪಸು ಬರುವಾಗ ಕಂಪೌಂಡರು ಆ ಪೊಟ್ಟಣವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ.

ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಸೂಜಿ ಕೂರಿಸಿ, ಅದು ಅಲುಗದ ಹಾಗೆ ಚರ್ಮಕ್ಕೆ ಹೊಲಿದೆ. ಔಷಧಿಯನ್ನು ಗ್ಲೂಕೋಸಿನಲ್ಲಿ ತೆಳ್ಳಗೆ ಕರಗಿಸಿ ಬಾಟಲಿಯನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿದೆವು. ಇದನ್ನು ಓಡಿಸುವಂತಿಲ್ಲ, ಹನಿಹನಿಯಾಗಿ ಬಿಡಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಜೊತೆಗೆ ಬಿ-ಒನ್. ಮೂತ್ರಪಿಂಡ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಬೇಕು, ಅದಕ್ಕೆ ಚಂಪಿ ಉಚ್ಚೆ ಹೊಯ್ದರೆ ನನಗೆ ಹೇಳಿ ಎಂದು ಕಾಕುವಿಗೆ ಕೆಲಸ ಹಚ್ಚಿದೆ. ಆ ಕೆಲಸವನ್ನು ಅವರು ಮಾಡಿದ ರೀತಿಗೆ ಪಕ್ಕದ ಹೊಲದವರಿಗೂ ಚಂಪಿಯ ಉಚ್ಚೆಯ ವೇಳೆ ಬಾಯಿಪಾಠವಾಯಿತು.

"ಇಷ್ಟ ನೀರ ಒಳಗ ಹೋದ್ರ ಆಕಿ ಏನ್ ಮೋಡ ಆಗ್ತಾಳೇನ್ರಿ?" ಎಂದು ಬಾಟಲಿ ನೋಡುತ್ತ ಕೇಳಿದರು.

"ಮಳಿ ಬಂದ್ರ ಮೊದಲ ನಿಮಗ ಹೇಳ್ತೇನ್ರಿ ಕಾಕು," ಎಂದೆ.

ಔಷಧಿ ಹನಿಯುವಷ್ಟು ಹೊತ್ತು ಅವರು ಚಂಪಿಯ ಕಿವಿಯ ಬಳಿ ಕೂತು ಮನೆಯ ವರ್ತಮಾನವೆಲ್ಲ ಹೇಳುತ್ತಿದ್ದರು. ಯಾವ ಸೊಸೆ ಪಲ್ಯಕ್ಕೆ ಉಪ್ಪು ಮರೆತಳು, ಯಾರ ಮದುವೆಗೆ ಯಾವ ಸೀರೆ. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ಕೆಲವು ಸಂಜೆ ನನ್ನ ಕೆಲಸ ಮುಗಿದ ಮೇಲೂ ನಾನು ಏಳದೆ ಕೂತಿರುತ್ತಿದ್ದೆ.

ಹಲ್ಲು ಕಡಿಯುವುದು ನಿಂತಿತು. ಹೊಟ್ಟೆ ಗುಡುಗಿತು. ಒಂದು ಬೆಳಿಗ್ಗೆ ಚಂಪಿ ಮೇವಿನ ಕಡೆ ತಾನಾಗಿ ತಲೆ ತಿರುಗಿಸಿದಳು. ಅದೇ ದಿನ ಬೆಳಗಾವಿಯ ವರದಿ ಬಂತು, ರಕ್ತದಲ್ಲಿ ಸೀಸ ಇದ್ದದ್ದು ನಿಜ. ನಾನು ಕಂಪೌಂಡರ ಕೈ ಕುಲುಕಿದೆ. ಔಷಧಿಗೆ ಈಗ ಬಿಡುವು ಕೊಡಬೇಕು, ಮೈಗೆ ಬೇಕಾದ ಬೇರೆ ಲವಣಗಳನ್ನೂ ಅದು ಎಳೆದುಕೊಂಡು ಹೋಗುತ್ತದೆ ಎಂದು ಮನೆಯವರಿಗೆ ವಿವರಿಸಿ ಬಂದೆ.

ಬಿಡುವಿನಲ್ಲೇ ಫೋನ್ ಬಂತು. ಮಾಡಿದವರು ಕಾಕಾ. ಎಂದೂ ಫೋನ್ ಮುಟ್ಟದ ಮನುಷ್ಯ. "ಮತ್ತ ಬಿದ್ದಾಳ್ರಿ," ಎಂದು ಇಟ್ಟುಬಿಟ್ಟರು.

ಹೋಗಿ ನೋಡಿದರೆ ಮೊದಲಿಗಿಂತ ಕೆಟ್ಟ ಸ್ಥಿತಿ. ಎದ್ದು ನಿಂತಿದ್ದಳು, ಆದರೆ ಮುಟ್ಟಿದರೆ ಬೆಚ್ಚಿ ನಡುಗುತ್ತಿದ್ದಳು. ಮೂಳೆಯಲ್ಲಿ ಅಡಗಿದ ಸೀಸ ಬಿಡುವಿನಲ್ಲಿ ರಕ್ತಕ್ಕೆ ಇಳಿಯುವುದುಂಟು, ಆದರೆ ಇಷ್ಟು ಜೋರಾಗಿ ಅಲ್ಲ. ಗ್ಲೌಸ್ ಹಾಕಿ ತುಟಿ ಎತ್ತಿದೆ. ಒಸಡಿನ ಅಂಚಿಗೆ ಕೆಂಪು. ರಕ್ತವೆಂದುಕೊಂಡು ಅರಳೆಯಿಂದ ಒರೆಸಿದೆ. ರಕ್ತವಲ್ಲ, ಕಿತ್ತಳೆಗೆ ತಿರುಗಿದ ಕೆಂಪು, ಎಣ್ಣೆಯ ಜಿಡ್ಡು. ಅರಳೆ ಹಿಡಿದು ಬೆಳಕಿಗೆ ಬಂದೆ. ಬಾಗಿಲಿಂದ ನೇರಕ್ಕೆ ಬೇವಿನ ಮರ. ಅದರ ಕೆಳಗೆ ಕ್ಷೇತ್ರಪಾಲ ಅಡಿಯಿಂದ ಮುಡಿಯವರೆಗೆ ಹೊಸ ಶೇಂದೂರ ಮೆತ್ತಿಸಿಕೊಂಡು ಹೊಳೆಯುತ್ತಿದ್ದ. ಅರಳೆಯ ಬಣ್ಣ, ಕಲ್ಲಿನ ಬಣ್ಣ ಒಂದೇ.

ಶೇಂದೂರವೆಂದರೆ ಸಿಂಧೂರ, ಸೀಸದಿಂದಲೇ ಮಾಡಿದ ಕೆಂಪು ಪುಡಿ. ಅದನ್ನು ಎಣ್ಣೆಯಲ್ಲಿ ಕಲಸಿ ದೇವರಿಗೆ ಲೇಪಿಸುತ್ತಾರೆ. ಇದು ನಾನು ಓದಿದ್ದೇ.

"ಕಾಕು, ದೇವರಿಗೆ ಇದನ್ನ ಯಾವಾಗ ಹಚ್ಚಿದ್ರಿ?"

"ಮೊನ್ನಿ ರೀ. ಚಂಪಿ ಮೇವಿಗೆ ಬಾಯಿ ಹಾಕಿದ್ಲಲ್ಲ, ಅವತ್ತ. ಆಕಿ ಉಳದ್ರ ಮೈತುಂಬ ಶೇಂದೂರ ಹಚ್ಚತೇನಿ ಅಂತ ಬೇಡಕೊಂಡಿದ್ನಿ."

"ಚಂಪಿ ಬಾಯಾಗ ಹೆಂಗ ಬಂತ್ರಿ?"

ಅವರು ತಮ್ಮ ಬಲಗೈ ನೋಡಿಕೊಂಡರು. "ನೀವ ಬಾಯಿಗೆ ಕೈ ಹಾಕಬ್ಯಾಡ್ರಿ ಅಂದಿದ್ರಿ. ಖರೆ ಹೇಳ್ತೇನಿ, ನಾ ಹಾಕಲಿಲ್ರಿ. ಆಕಿನ ನೆಕ್ಕಿದ್ಲು."

ಆಮೇಲೆ ಒಂದೊಂದಾಗಿ ಹೇಳಿದರು. ತಾಯಿಯಿಲ್ಲದ ಕರುವಿಗೆ ಹಾಲು ಕಲಿಸುವಾಗ ಬೆರಳನ್ನು ಹಾಲಲ್ಲಿ ಅದ್ದಿ ಬಾಯಿಗೆ ಕೊಡುತ್ತಾರೆ. ಬೆರಳು ಚೀಪುತ್ತ ಚೀಪುತ್ತ ಕರು ಪಾತ್ರೆಯ ಹಾಲಿಗೆ ಬರುತ್ತದೆ. ಚಂಪಿ ಹಾಲು ಬಿಟ್ಟಳು, ಬೆರಳು ಬಿಡಲಿಲ್ಲ. ಕಾಕು ಬಿಡಿಸಲೂ ಇಲ್ಲ. ಆಯ್ತವಾರ, ಅಮಾವಾಸ್ಯೆ ಕ್ಷೇತ್ರಪಾಲನಿಗೆ ಶೇಂದೂರ ಹಚ್ಚಿ ಹಾಗೇ ಕೊಟ್ಟಿಗೆಗೆ ಬಂದು, ದೇವರ ಮೈಗೆ ಹತ್ತಿದ ಕೈ ಎಂದು ಮೊದಲು ಚಂಪಿಯ ಹಣೆಗೆ ಒರೆಸಿ, ಆಮೇಲೆ ಬೆರಳು ಕೊಡುತ್ತಿದ್ದರು. ಕಾಯಿಲೆ ಬಿದ್ದಾಗಿನಿಂದ ವಾರ, ತಿಥಿ ನೋಡದೆ ದಿನವೂ ಒಂದಿಷ್ಟು ಹಚ್ಚಿದ್ದರು, ಮೊನ್ನೆ ಹರಕೆಗೆಂದು ಮೈತುಂಬ. ನಾನು ಬಾಯಿಗೆ ಕೈ ಹಾಕಬೇಡಿ ಎಂದು ಕೂಗಾಡಿದ್ದರಿಂದ, ನಾನು ಇಲ್ಲದ ಹೊತ್ತು ನೋಡಿ ಕೊಟ್ಟಿದ್ದರು.

ಬೇರೆ ಯಾರೇ ಆಗಿದ್ದರೂ ನಾನು ಹಾರಾಡಿಬಿಡುತ್ತಿದ್ದೆ. ಹೇಳದೆ ವಿಧಿಯಿರಲಿಲ್ಲ, ಹೇಳಿದರೆ ಈ ಹೆಂಗಸು ಏನಾಗುತ್ತಾರೋ ತಿಳಿಯದು. "ಶೇಂದೂರದಾಗ ಸೀಸ ಇರ್ತೈತ್ರಿ ಕಾಕು," ಎಂದಷ್ಟೇ ಹೇಳಿದೆ.

ಅವರು ಇನ್ನೊಮ್ಮೆ ಆ ಬಲಗೈ ನೋಡಿಕೊಂಡರು. "ಹಂಗಂದ್ರ ನನ್ನ ಕೈಲೆನ ಆತು," ಎಂದು ಸೆರಗಿನಲ್ಲಿ ಕೈ ಸುತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಈಗ ನನ್ನ ಮುಂದೆ ಇದ್ದದ್ದು ಇನ್ನೊಂದು ಗಂಟು. ಹೊಟ್ಟೆಯಲ್ಲಿ ಸೀಸ ಇನ್ನೂ ಇರುವಾಗ ಇಡಿಟಿಎ ಕೊಟ್ಟರೆ ಅದು ಕರುಳಿನ ಸೀಸವನ್ನೂ ರಕ್ತಕ್ಕೆ ಎಳೆದುಕೊಳ್ಳಬಹುದು. ಮೊದಲು ಮ್ಯಾಗ್ನೇಷಿಯಂ ಉಪ್ಪಿನ ನೀರು ಕುಡಿಸಬೇಕು. ಅದು ಹೊಟ್ಟೆಯ ಸೀಸವನ್ನು ಕರಗದಂತೆ ಕಟ್ಟಿ ಸೆಗಣಿಯಲ್ಲಿ ಹೊರಹಾಕುತ್ತದೆ. ಆಮೇಲೆಯೇ ಸೂಜಿ. ಕೊಳವೆ ಇಳಿಸಲು ನೋಡಿದೆವು. ಮೂಗಿನ ಬಳಿ ತಂದರೆ ಸಾಕು, ಚಂಪಿಗೆ ಫಿಟ್ಸ್ ಬರುವ ಲಕ್ಷಣ. ಬಿದಿರಿನ ಗೊಟ್ಟದಿಂದ ಬಲವಂತವಾಗಿ ಹೊಯ್ದರೆ ನೀರು ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ಸಾಯುತ್ತಾಳೆ. ತಾನಾಗಿ ನುಂಗಬೇಕು. ಬಕೆಟ್ಟಿಗೆ ಬೆಲ್ಲ ಹಾಕಿದೆ. ಮೂಸಿ ಮುಖ ತಿರುಗಿಸಿದಳು. ನನ್ನ ಬೆರಳು ಕೊಟ್ಟೆ, ಕಂಪೌಂಡರು ಕೊಟ್ಟರು, ಸೊಸೆ ಕೊಟ್ಟರು. ಯಾರದೂ ಬೇಡ.

ಒಳಗೆ ಹೋದೆ. ಕಾಕು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದರು.

"ಬರ್ರಿ ಕಾಕು. ನಿಮ್ಮ ಕೈಲೆ ಕುಡೀತಾಳ."

"ಬ್ಯಾಡ್ರಿ ಬಾಯಾರ. ಈ ಕೈ ಆಕಿ ಬಾಯಿಗೆ ಇನ್ನ ಹಚ್ಚೂದಿಲ್ರಿ ನಾ."

"ಸೀಸ ಶೇಂದೂರದಾಗ ಇತ್ರಿ, ನಿಮ್ಮ ಕೈಯಾಗ ಅಲ್ಲ."

"ಕೊಟ್ಟಾಕಿ ನಾನ ಅಲ್ಲೇನ್ರಿ?"

ನನಗೆ ಸಮಾಧಾನ ಮಾಡಲು ಬರುವುದಿಲ್ಲ. ಬರುವುದು ಜಗಳ ಮಾಡಲು. "ಕಾಕು, ನಾ ಓದಿದ್ದೆಲ್ಲಾ ಖರ್ಚ ಮಾಡೇನಿ. ಕೊಲ್ಹಾಪುರದ್ದ ಔಷಧನೂ ಆತು. ಈಗ ನನ್ನ ಚೀಲದಾಗ ಇಲ್ಲದ್ದು ನಿಮ್ಮ ಬೆರಳ ಒಂದ. ಅದನ್ನ ಕೊಡೂದಿಲ್ಲ ಅಂದ್ರ ನಾ ಮನೀಗೆ ಹೋಕ್ಕೇನಿ," ಎಂದೆ.

ಅವರು ನನ್ನ ಮುಖ ನೋಡಿದರು. ಎದ್ದರು. ಅವರ ಉಗುರು ಕತ್ತರಿಸಿದೆ. ಸಾಬೂನು ಹಚ್ಚಿ, ಬ್ರಶ್ಶಿನಿಂದ ಬೆರಳ ಸಂದಿಗಳನ್ನೆಲ್ಲ ತಿಕ್ಕಿದೆ, ಚರ್ಮ ಕೆಂಪಾಗುವವರೆಗೆ ತಿಕ್ಕಿದೆ. ಚಂಪಿ ಇಷ್ಟು ದಿನ ಬದುಕಿದ್ದರಿಂದ ಹುಚ್ಚುನಾಯಿ ರೋಗವಲ್ಲ ಎಂಬುದು ಅಷ್ಟರಲ್ಲಿ ಖಾತ್ರಿಯಾಗಿತ್ತು, ಬರಿಗೈ ಕೊಡಲು ಹೆದರಬೇಕಿರಲಿಲ್ಲ.

ಕೊಟ್ಟಿಗೆಯಲ್ಲಿ ಬಕೆಟ್ಟಿನ ಮುಂದೆ ಕೂತು, ಬೆಲ್ಲದ ನೀರಲ್ಲಿ ಎರಡು ಬೆರಳು ಅದ್ದಿ, ಕೈ ಮುಂದೆ ಮಾಡಿದರು. ಚಂಪಿಗೆ ಕಣ್ಣು ಕಾಣುತ್ತಿರಲಿಲ್ಲ. ಮೂಗು ಅರಳಿಸಿ ಗಾಳಿಯಲ್ಲಿ ಹುಡುಕಿದಳು, ಒಂದು ಸಲ ತಪ್ಪಿದಳು, ಆಮೇಲೆ ಬೆರಳು ಸಿಕ್ಕಿತು. ಚೀಪತೊಡಗಿದಳು. ಕಾಕು ಕೈಯನ್ನು ಮೆಲ್ಲಗೆ ಬಕೆಟ್ಟಿನೊಳಗೆ ಇಳಿಸಿದರು. ಬಾಯಿಯೂ ಇಳಿಯಿತು. ಗಂಟಲಲ್ಲಿ ಗುಟುಕು ಏರಿ ಇಳಿಯುವುದು ನಮಗೆಲ್ಲ ಕಂಡಿತು. ಕಂಪೌಂಡರು ಬಾಗಿಲ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು.

ಹೊಟ್ಟೆ ತೊಳೆದುಹೋಗುವವರೆಗೆ ದಿನವೂ ಹೀಗೇ ಕುಡಿಸಿ, ಎರಡನೆಯ ಸುತ್ತಿನ ಔಷಧಿ ಶುರು ಮಾಡಿದೆವು. ಈ ಸಲ ಬಿಡುವಿನಲ್ಲೂ ಚಂಪಿ ಜಾರಲಿಲ್ಲ. ಕಾಕುವನ್ನು ಗೋಕಾಕಕ್ಕೆ ಕರೆದೊಯ್ದು ಅವರ ರಕ್ತವನ್ನೂ ಪರೀಕ್ಷೆಗೆ ಕೊಡಿಸಿದೆ. ಸೂಜಿ ಬೇಕಾಗುವಷ್ಟಿಲ್ಲ, ಶೇಂದೂರ ಮುಟ್ಟುವುದು ಬಿಟ್ಟರೆ ಸಾಕು ಎಂದರು ಅಲ್ಲಿಯ ಡಾಕ್ಟರು. ದೇವರ ವಿಷಯ ಇತ್ಯರ್ಥ ಮಾಡಿದ್ದು ಕಾಕಾ. ಕಲ್ಲಿನ ಸುತ್ತ ದನ ದಾಟದಂತೆ ಬೇಲಿ ಹಾಕಿಸಿ, "ಅಂವಗ ಬರೇ ಎಣ್ಣಿ ಸಾಕು. ಬಣ್ಣಾ ಬೇಕಂತ ಅಂವ ಎಂದೂ ಕೇಳಿಲ್ಲ," ಎಂದರು. ಕಾಕು ಅದಕ್ಕೆ ಒಪ್ಪಿಕೊಂಡರು.

ಆದರೆ ಔಷಧಿಯ ನೀರು ನಿಲ್ಲಿಸಿದ ದಿನದಿಂದ ಅವರು ಚಂಪಿಗೆ ಬೆರಳು ಕೊಡುವುದನ್ನೂ ನಿಲ್ಲಿಸಿದ್ದರು. ರೊಟ್ಟಿಯನ್ನೂ ಸೊಸೆಯ ಕೈಯಲ್ಲೇ ಕಳಿಸುತ್ತಿದ್ದರು. ಇದನ್ನು ಸೊಸೆ ನನಗೆ ಗುಟ್ಟಾಗಿ ಹೇಳಿದರು.

ಹೊಲದಲ್ಲಿ ಕೂಳೆ ಕಬ್ಬು ಮತ್ತೆ ಚಿಗುರುವ ಹೊತ್ತಿಗೆ ಕೊನೆಯ ಸಲ ನೋಡಲು ಹೋದೆ. ಚಂಪಿಯ ಕಣ್ಣ ಮುಂದೆ ಕೈ ಬೀಸಿದೆ. ರೆಪ್ಪೆ ಬಡಿಯಿತು. ಇನ್ನೊಂದು ಕಣ್ಣಿಗೂ ಬೀಸಿದೆ. ಬಡಿಯಿತು. ನನ್ನನ್ನು ಪಕ್ಕಕ್ಕೆ ದೂಡಿಕೊಂಡು, ಬಾಗಿಲಲ್ಲಿ ನಿಂತಿದ್ದ ಕಾಕುವಿನ ಕಡೆ ನೇರವಾಗಿ ನಡೆದಳು, ಹಗ್ಗ ಬಿಗಿಯಾಗುವವರೆಗೆ ನಡೆದು ಕತ್ತು ಚಾಚಿ ನಿಂತಳು.

ಕಾಕು ಅಲುಗಲಿಲ್ಲ. ಚಂಪಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹಿತ್ತಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಕೇಳಿತು. ಬಂದು ಹಸಿ ಕೈಗಳೆರಡನ್ನೂ, ಅಂಗೈ ಮೇಲೆ ಮಾಡಿ, ನನ್ನ ಮುಂದೆ ಚಾಚಿದರು.

"ನೋಡ್ರಿ ಬಾಯಾರ. ಸ್ವಚ್ಛ ಅದಾವೇನು?"

ನಾನು ಆ ಕೈಗಳನ್ನು ಹಿಡಿದುಕೊಂಡೆ. ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ನೋಡುವುದು ಮುಗಿದ ಮೇಲೂ ಬಿಡಲು ಮನಸ್ಸಾಗದೆ ಹಿಡಿದುಕೊಂಡಿದ್ದೆ.

"ಕೊಡ್ರಿ ಕಾಕು," ಎಂದೆ.